ನುಸಿಯ ಒಳಗಿನದ್ದೋ, ಮೈಮೇಲಿನದ್ದೋ: ವರೋವಾದಿಂದ ಬ್ಯಾಕ್ಟೀರಿಯಾ ಬೇರ್ಪಡಿಸಿದ ಒಂದು ಪ್ರಕರಣ

ಮೆಲ್ಲಿಫೆರಾ ಜೇನಿನ ಒಂದು ಪೆಟ್ಟಿಗೆ. ಹಾರಲಾಗದೆ ಬಾಗಿಲ ಮುಂದೆ ತೆವಳುವ ನೊಣಗಳು, ಸುರುಟಿದ ರೆಕ್ಕೆಗಳು, ಗಂಡು ಮರಿಯ ಕೋಶಗಳ ಮುಚ್ಚಳ ತೆಗೆದರೆ ಒಳಗೆ ಕೆಂಪು ಕಂದು ಬಣ್ಣದ ನುಸಿಗಳು. ಇದು ಜೇನುನೊಣದ ಮೈ ತಿಂದು ಬದುಕುವ ವರೋವಾ ನುಸಿ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ರೆಕ್ಕೆ ಸುರುಟಿಸುವ ವೈರಸ್ಸನ್ನು ಈ ನುಸಿ ಹರಡುತ್ತದೆ ಅನ್ನುವುದೂ ಹಳೆಯ ವಿಷಯ. ಇಲ್ಲಿ ಕೇಳಿದ ಪ್ರಶ್ನೆ ಬೇರೆ. ನುಸಿ ಕಚ್ಚಿದ ಜಾಗದಿಂದ ಬ್ಯಾಕ್ಟೀರಿಯಾಗಳೂ ನೊಣದ ಮೈಯೊಳಗೆ ಹೋಗುತ್ತಿವೆಯಾ? ಹಾಗಿದ್ದರೆ ನುಸಿ ಹೊತ್ತು ತಿರುಗುವ ಬ್ಯಾಕ್ಟೀರಿಯಾ ಯಾವುವು?

ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಮರಿಕೋಶಕ್ಕೆ ಮೇಣದ ಮುಚ್ಚಳ ಬೀಳುವ ಸ್ವಲ್ಪ ಮುಂಚೆ ಹೆಣ್ಣು ನುಸಿ ಒಳಗೆ ನುಗ್ಗುತ್ತದೆ. ಒಳಗಿನ ಪ್ಯೂಪಾದ (ಮರಿಹುಳ ನೊಣವಾಗುವ ನಡುವಿನ ಹಂತ) ಚರ್ಮಕ್ಕೆ ಒಂದು ತೂತು ಮಾಡುತ್ತದೆ, ಅದರ ಮರಿಗಳೂ ಅದೇ ತೂತಿಗೆ ಬಂದು ಬಾಯಿ ಹಾಕುತ್ತವೆ. ಅಂದರೆ ದಿನಗಟ್ಟಲೆ ತೆರೆದೇ ಇರುವ ಗಾಯ. ಈ ಗಾಯಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವುದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದವರಿದ್ದಾರೆ. ಇನ್ನು ದೊಡ್ಡ ನೊಣದ ಮೇಲಿರುವಾಗ ಅದು ರಕ್ತ ಹೀರುತ್ತದೆ ಅಂತಲೇ ಬಹಳ ಕಾಲ ಎಲ್ಲರೂ ಬರೆಯುತ್ತಿದ್ದರು. ಆಗ ಅದು ಮುಖ್ಯವಾಗಿ ತಿನ್ನುವುದು ಕೊಬ್ಬಿನ ಅಂಗಾಂಶವನ್ನು ಅಂತ 2019ರ ಒಂದು ಅಧ್ಯಯನ ತೋರಿಸಿತು. ನೊಣದ ರೋಗನಿರೋಧಕ ಪ್ರೋಟೀನುಗಳು ತಯಾರಾಗುವ ಜಾಗವೂ ಅದೇ. ಇದಕ್ಕೂ ಮೊದಲು, 2016ರಲ್ಲಿ, ಸೆರಾಟಿಯಾ ಮಾರ್ಸೆಸೆನ್ಸ್ ಬ್ಯಾಕ್ಟೀರಿಯಾದ ಸಿಕಾರಿಯಾ ಅನ್ನುವ ತಳಿ ಜೇನುನೊಣದ ರಕ್ತದಲ್ಲೂ ವರೋವಾದಲ್ಲೂ ಸಿಕ್ಕಿದ ವರದಿ ಬಂದಿತ್ತು. ಹಾಗಾಗಿ ಈ ಪೆಟ್ಟಿಗೆಯ ನುಸಿಗಳನ್ನು ಅರೆದು ಪ್ಲೇಟ್ ಮಾಡಿ, ಅಂದರೆ ಪೋಷಕಾಂಶವಿರುವ ಅಗರ್ ತಟ್ಟೆಯ ಮೇಲೆ ಹರಡಿ ಬೆಳೆಸಿ, ನೋಡೋಣ ಅಂತ ಶುರುವಾಯಿತು.

ಮೊದಲ ಸುತ್ತು ಎಲ್ಲರೂ ಮಾಡುವ ಹಾಗೆಯೇ ನಡೆಯಿತು. ನೊಣಗಳ ಮೇಲೆ ಸಕ್ಕರೆ ಪುಡಿ ಉದುರಿಸಿ ಅಲ್ಲಾಡಿಸಿ ನುಸಿ ಉದುರಿಸಿದ್ದು. ಶೇಕಡ 70ರ ಎಥನಾಲ್‌ನಲ್ಲಿ ತೊಳೆದು, ಸ್ಟೆರೈಲ್ ನೀರಿನಲ್ಲಿ ಮೂರು ಸಲ ಜಾಲಿಸಿ, ಪಿಬಿಎಸ್ ಅನ್ನುವ ಉಪ್ಪಿನ ದ್ರಾವಣದಲ್ಲಿ ಅರೆದು, ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯುವ ಟಿಎಸ್‌ಎ ಅಗರ್ ಮೇಲೆ ಹರಡಿ, 35 ಡಿಗ್ರಿಯಲ್ಲಿ ಇಟ್ಟಿದ್ದು. ಮರುದಿನ ಬೆಳಿಗ್ಗೆಗೆ ಪ್ಲೇಟ್ ತುಂಬಾ ಚಪ್ಪಟೆ, ಒಣಕಲು, ಅಂಚು ಹರಿದಂತಿರುವ ಬಿಳಿ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಗುಪ್ಪೆಗಳು. ಒಂದಕ್ಕೊಂದು ಅಂಟಿಕೊಂಡು ಹರಡಿದ್ದವು. ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾವನ್ನು ಎರಡು ಗುಂಪಾಗಿ ವಿಂಗಡಿಸುವ ಬಣ್ಣದ ಪರೀಕ್ಷೆ) ಮಾಡಿದರೆ ನೇರಳೆ ಬಣ್ಣದ ದಪ್ಪ ಕಡ್ಡಿಗಳು, ಒಳಗೆ ಬಣ್ಣ ಹಿಡಿಯದ ಮೊಟ್ಟೆಯಾಕಾರದ ಸ್ಪೋರ್‌ಗಳು, ಅಂದರೆ ಬ್ಯಾಕ್ಟೀರಿಯಾ ಗಟ್ಟಿ ಕವಚದಲ್ಲಿ ಮಲಗಿರುವ ರೂಪ. ಬ್ಯಾಸಿಲಸ್ ಗುಂಪು, ಇಷ್ಟು ಹೇಳಲು ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವುದು) ಬೇಕಿಲ್ಲ.

ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಗೆ ಖುಷಿ. "ಸರ್, ಎಲ್ಲಾ ಟ್ಯೂಬಿನಲ್ಲೂ ಒಂದೇ ಬ್ಯಾಕ್ಟೀರಿಯಾ ಬಂದಿದೆ. ನುಸಿಯ ಒಳಗೇ ವಾಸ ಮಾಡುವುದಿರಬೇಕು ಅಲ್ವಾ?"

"ಕೊನೇ ಸಲ ಜಾಲಿಸಿದ ನೀರನ್ನ ಪ್ಲೇಟ್ ಮಾಡಿದ್ದೀಯಲ್ಲಮ್ಮ, ಅದನ್ನ ತೆಗಿ ನೋಡೋಣ."

ಆ ಪ್ಲೇಟಿನಲ್ಲೂ ಅದೇ ಕಾಲೊನಿ. ಬೇಕಾದಷ್ಟು.

ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಮಾತಾಡಿದ್ದು ಆ ಒಂದು ಪ್ಲೇಟ್ ಅಂತ ನಾನು ಹೇಳುತ್ತೇನೆ. ನುಸಿಯನ್ನು ಮೂರು ಸಲ ಜಾಲಿಸಿದ ಮೇಲೂ ನೀರಿಗೆ ಬ್ಯಾಸಿಲಸ್ ಬಿಡುತ್ತಿದೆ ಅಂದರೆ ಅರೆದಾಗ ಬಂದದ್ದು ಮೈಮೇಲಿನದ್ದೋ ಒಳಗಿನದ್ದೋ ಹೇಳಲು ದಾರಿಯೇ ಇಲ್ಲ. ಎಥನಾಲ್ ಬದುಕಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಸ್ಪೋರ್‌ಗಳನ್ನು ಕೊಲ್ಲುವುದಿಲ್ಲ. ಬ್ಯಾಸಿಲಸ್ ಸ್ಪೋರ್ ಎಥನಾಲ್‌ನಲ್ಲಿ ಮುಳುಗಿ ಎದ್ದು ಅಗರ್ ಮೇಲೆ ಆರಾಮಾಗಿ ಮೊಳೆಯುತ್ತದೆ. ಪೆಟ್ಟಿಗೆಯೊಳಗೆ ಸ್ಪೋರ್‌ಗಳಿಗೇನೂ ಬರವಿಲ್ಲ. ಪರಾಗದಲ್ಲಿ, ಮೇಣದಲ್ಲಿ, ಧೂಳಿನಲ್ಲಿ, ಕೊನೆಗೆ ಆ ಸಕ್ಕರೆ ಪುಡಿಯಲ್ಲೂ ಇರುತ್ತವೆ. ಎಷ್ಟೋ ಪ್ರಬಂಧಗಳಲ್ಲಿ "ಎಥನಾಲ್‌ನಿಂದ ಮೇಲ್ಮೈ ಶುದ್ಧಿ ಮಾಡಲಾಯಿತು" ಅಂತ ಒಂದೇ ಸಾಲು ಬರೆದು ಮುಂದಿನ ಪುಟದಲ್ಲಿ ಬ್ಯಾಸಿಲಸ್ ಪಟ್ಟಿ ಕೊಟ್ಟಿರುತ್ತಾರೆ. ಜಾಲಿಸಿದ ನೀರಿನ ಪ್ಲೇಟಿನ ಸುದ್ದಿಯೇ ಇರುವುದಿಲ್ಲ. ಅಂಥ ಪಟ್ಟಿ ಓದುವಾಗ ನನಗೆ ನಂಬಿಕೆ ಬರುವುದಿಲ್ಲ.

ಎಲ್ಲಾ ಪಕ್ಕಕ್ಕಿಟ್ಟು ನುಸಿಯ ಮೈಯನ್ನು ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ ನೋಡಿದೆವು. ಹೆಣ್ಣು ವರೋವಾ ಉದ್ದಕ್ಕಿಂತ ಅಗಲ ಜಾಸ್ತಿ: ಸುಮಾರು 1.1 ಮಿಲಿಮೀಟರ್ ಉದ್ದ, 1.6 ಮಿಲಿಮೀಟರ್ ಅಗಲ. ಬೆನ್ನು ಏಡಿಯ ಚಿಪ್ಪಿನ ಹಾಗೆ ಗಟ್ಟಿ, ಅದರ ತುಂಬಾ ಒತ್ತೊತ್ತಾಗಿ ರೋಮ. ನೀರಿನಲ್ಲಿ ಹಾಕಿದಾಗ ಹೊಟ್ಟೆಯ ಕಡೆ, ಕಾಲುಗಳ ಬುಡದಲ್ಲಿ, ಬೆಳ್ಳಿಯಂತೆ ಹೊಳೆಯುವ ಗಾಳಿಗುಳ್ಳೆಯೊಂದು ಸಿಕ್ಕಿಕೊಂಡಿರುತ್ತದೆ. ಟ್ಯೂಬ್ ಅಲ್ಲಾಡಿಸಿದರೂ ಅದು ಕದಲುವುದಿಲ್ಲ. ಆ ಗುಳ್ಳೆ ಇರುವಷ್ಟು ಜಾಗಕ್ಕೆ ಯಾವ ದ್ರಾವಣವೂ ತಾಗಿಲ್ಲ ಅಂತಲೇ ಅರ್ಥ. ತೊಳೆದೆವು ಅಂತ ನಾವು ಅಂದುಕೊಂಡಿರುತ್ತೇವೆ, ನುಸಿಯ ಅರ್ಧ ಮೈ ಒಣಗೇ ಇರುತ್ತದೆ.

ಎರಡನೇ ಸುತ್ತಿಗೆ ಸಂಗ್ರಹದಿಂದಲೇ ಕ್ರಮ ಬದಲಾಯಿತು. ಸಕ್ಕರೆ ಪುಡಿ ಬಿಟ್ಟೆವು. ನುಸಿ ಎಷ್ಟಿದೆ ಅಂತ ಎಣಿಸಲು ಅದು ಒಳ್ಳೆಯ ವಿಧಾನವೇ, ಕಲ್ಚರ್ ಕೆಲಸಕ್ಕೆ ಬೇಡ. ಪೆಟ್ಟಿಗೆಯ ತಳದ ಹಲಗೆಗೆ ಬಿದ್ದ ನುಸಿಗಳನ್ನೂ ಮುಟ್ಟಲಿಲ್ಲ, ಯಾಕೆಂದರೆ ಸತ್ತ ನುಸಿಯ ಮೇಲೆ ಕಸದಲ್ಲಿರುವ ಬ್ಯಾಕ್ಟೀರಿಯಾ ಬೇಗ ಹತ್ತಿಕೊಳ್ಳುತ್ತದೆ. ಹಾಗಂತ ಕಸದ ನುಸಿಗಳನ್ನು ನೋಡುವುದೇ ತಪ್ಪು ಅಂತಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇಕೆಂದೇ ಚಳಿಗಾಲದ ಪೆಟ್ಟಿಗೆ ಕಸದಿಂದ ವರೋವಾ ಆರಿಸಿ ಅದರಲ್ಲಿ ಆರ್ಸೆನೋಫೋನಸ್, ಸ್ಪೈರೋಪ್ಲಾಸ್ಮಾ, ಮಾರ್ಗನೆಲ್ಲಾ, ಎಂಟರೋಕಾಕಸ್ ಇತ್ಯಾದಿ ಗುರುತಿಸಿತ್ತು. ಆ ಕಸ ಗುಡಿಸುವ ನೊಣಗಳಿಗೆ ಏನು ಅಂಟಬಹುದು ಅನ್ನುವುದು ಅವರ ಪ್ರಶ್ನೆ. ನಮ್ಮ ಪ್ರಶ್ನೆ ಬದುಕಿರುವಾಗ ನುಸಿ ಏನು ಹೊತ್ತಿರುತ್ತದೆ ಅನ್ನುವುದು.

ಹಾಗಾಗಿ ಜೀವಂತ ನುಸಿಗಳು ಮಾತ್ರ, ಅದೂ ಎರಡು ಗುಂಪು. ಒಂದು, ಮುಚ್ಚಿದ ಗಂಡು ಮರಿಕೋಶಗಳನ್ನು ತೆರೆದು ಪ್ಯೂಪಾದ ಮೇಲಿಂದ ಸಣ್ಣ ಕುಂಚದಲ್ಲಿ ಎತ್ತಿದವು. ಇನ್ನೊಂದು, ದೊಡ್ಡ ನೊಣಗಳನ್ನು ಇಂಗಾಲದ ಡೈಆಕ್ಸೈಡಿನಲ್ಲಿ ಮಂಪರು ಮಾಡಿ ಅವುಗಳ ಹೊಟ್ಟೆಯ ಪದರಗಳ ಸಂದಿಯಿಂದ ಹೊರಗೆಳೆದವು. ಜೊತೆಗೆ ಆಯಾ ಪ್ಯೂಪಾ ಮತ್ತು ನೊಣದ ಮೈಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಸ್ವಾಬ್. ನೊಣದ ಸ್ವಾಬ್ ಇಲ್ಲದೆ ನುಸಿಯ ಫಲಿತಾಂಶಕ್ಕೆ ಅರ್ಥ ಬರುವುದಿಲ್ಲ, ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಹತ್ತು ನುಸಿಗೆ ಒಂದು ಟ್ಯೂಬ್, ಐಸ್ ಮೇಲೆ ಇಟ್ಟು ಅದೇ ದಿನ ಲ್ಯಾಬಿಗೆ. ನೊಣವನ್ನು ಬಿಟ್ಟ ನುಸಿ ಬಹಳ ಹೊತ್ತು ಬದುಕುವುದಿಲ್ಲ, ಸತ್ತ ಮೇಲೆ ಒಳಗಿನ ಲೆಕ್ಕವೆಲ್ಲ ಬದಲಾಗುತ್ತದೆ.

ತೊಳೆಯುವ ಕ್ರಮ ಹೀಗಿತ್ತು. ಮೊದಲು ಟ್ವೀನ್ 80 ಒಂದೆರಡು ಹನಿ ಬೆರೆಸಿದ ಪಿಬಿಎಸ್‌ನಲ್ಲಿ ನುಸಿಗಳನ್ನು ಅಲ್ಲಾಡಿಸಿದ್ದು. ಇದು ಸೋಪಿನ ಥರ ಕೆಲಸ ಮಾಡುತ್ತದೆ, ಗಾಳಿಗುಳ್ಳೆ ಒಡೆದು ಮೈ ಒದ್ದೆಯಾಗುತ್ತದೆ. ನುಸಿ ತಳಕ್ಕೆ ಮುಳುಗಿದರೆ ಒದ್ದೆಯಾಯಿತು ಅಂತ ಲೆಕ್ಕ, ತೇಲುತ್ತಿದ್ದರೆ ಇಲ್ಲ. ಆಮೇಲೆ ತೆಳು ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಇದಕ್ಕೆ ಸ್ಪೋರ್‌ಗಳನ್ನೂ ಕೊಲ್ಲುವ ತಾಕತ್ತಿದೆ. ಅಪಾಯ ಇರುವುದೂ ಇಲ್ಲೇ. ಜಾಸ್ತಿ ಹೊತ್ತು ಬಿಟ್ಟರೆ ಬಾಯಿ, ಗುದದ್ವಾರ, ಉಸಿರಾಟದ ರಂಧ್ರಗಳಿಂದ ಒಳಗೆ ಇಳಿದು ಒಳಗಿನ ಬ್ಯಾಕ್ಟೀರಿಯಾವನ್ನೂ ಸಾಯಿಸುತ್ತದೆ. ಕಡಿಮೆ ಹೊತ್ತಾದರೆ ಹೊರಗಿನದ್ದು ಉಳಿಯುತ್ತದೆ. ಪುಸ್ತಕ ನೋಡಿ ಸಮಯ ಹಾಕುವುದಕ್ಕಿಂತ, ಅದೇ ಪೆಟ್ಟಿಗೆಯ ಕೆಲವು ನುಸಿಗಳನ್ನು ಬೇರೆ ಬೇರೆ ಹೊತ್ತು ಮುಳುಗಿಸಿ, ಜಾಲಿಸಿದ ನೀರು ಯಾವಾಗ ಖಾಲಿ ಬರುತ್ತದೆ ಅಂತ ನೋಡಿ, ಅದರಲ್ಲಿ ಅತಿ ಕಡಿಮೆ ಹೊತ್ತನ್ನು ಹಿಡಿಯುವುದು ವಾಸಿ. ನಾವು ಹಿಡಿದದ್ದೂ ಹಾಗೆಯೇ. ಬ್ಲೀಚ್ ಆದ ತಕ್ಷಣ ಸೋಡಿಯಂ ಥಯೋಸಲ್ಫೇಟ್ ಹಾಕಿ ಉಳಿದ ಕ್ಲೋರಿನ್ ಸಾಯಿಸಬೇಕು. ಇಲ್ಲದಿದ್ದರೆ ಅರೆಯುವಾಗ ಮೈಗಂಟಿದ ಕ್ಲೋರಿನ್ನೇ ಒಳಗಿನ ಬ್ಯಾಕ್ಟೀರಿಯಾವನ್ನು ಮುಗಿಸುತ್ತದೆ, ಆಮೇಲೆ ಪ್ಲೇಟ್ ಖಾಲಿ ಬಂದರೆ "ನುಸಿ ಸ್ಟೆರೈಲ್" ಅಂತ ಬರೆದುಕೊಳ್ಳುವ ಹಾಗಾಗುತ್ತದೆ. ಅಲ್ಲಿಂದ ಮುಂದೆ ಸ್ಟೆರೈಲ್ ಪಿಬಿಎಸ್‌ನಲ್ಲಿ ಮೂರು ಸಲ ಜಾಲಿಸುವುದು, ಕೊನೇ ಸಲದ್ದು ಪ್ಲೇಟಿಗೆ.

ಇದರ ಜೊತೆ ಇನ್ನೂ ಒಂದು ಪರೀಕ್ಷೆ ಸೇರಿಸಿದೆವು. ತೊಳೆದ ನುಸಿಯನ್ನು ಅರೆಯುವ ಮೊದಲು ಅಗರ್ ಮೇಲೆ ಬೆನ್ನಡಿಯಾಗಿಯೂ ಹೊಟ್ಟೆಯಡಿಯಾಗಿಯೂ ಹೊರಳಿಸಿ ಎತ್ತುವುದು. ನೀರಿಗೆ ಬಿಡದೆ ರೋಮಕ್ಕೆ ಅಂಟಿಕೊಂಡೇ ಕೂತಿರುವುದು ಇದರಲ್ಲಿ ಸಿಕ್ಕಿಬೀಳುತ್ತದೆ. ಮತ್ತೆ ನುಸಿಯೇ ಇಲ್ಲದ ಒಂದು ಖಾಲಿ ಟ್ಯೂಬ್ ಕೂಡ ಎಲ್ಲಾ ಹಂತಗಳನ್ನೂ ದಾಟಿ ಪ್ಲೇಟಿಗೆ ಬರಬೇಕು. ಕೈ, ಗಾಳಿ, ದ್ರಾವಣದಿಂದ ಬಂದದ್ದು ಅಲ್ಲಿ ಕಾಣುತ್ತದೆ. ಮನುಷ್ಯರ ಚರ್ಮದ ಸ್ಟೆಫಿಲೋಕಾಕಸ್ ಇಂಥ ಟ್ಯೂಬಿನಲ್ಲಿ ಮುಖ ತೋರಿಸುವುದು ತೀರಾ ಸಾಮಾನ್ಯ.

ಅರೆಯುವುದು ಸಣ್ಣ ಕೆಲಸ ಅನಿಸಬಹುದು. ಟ್ಯೂಬಿನ ತಳಕ್ಕೆ ಸರಿಹೊಂದುವ, ಆಟೋಕ್ಲೇವ್ ಮಾಡಿದ ಪ್ಲಾಸ್ಟಿಕ್ ಪೆಸಲ್ (ಅರೆಯುವ ಕಡ್ಡಿ) ಬೇಕು. ಒತ್ತಿದಾಗ ನುಸಿ ಒಂದೇ ಸಲಕ್ಕೆ ಜಜ್ಜುವುದಿಲ್ಲ, ಜಾರಿ ಟ್ಯೂಬಿನ ಗೋಡೆಗೆ ಹತ್ತುತ್ತದೆ. ತಳದಲ್ಲಿ ಹಿಡಿದು ತಿರುವಿದರೆ ಟಿಕ್ ಅಂತ ಚಿಪ್ಪು ಒಡೆಯುವುದು ಬೆರಳಿಗೇ ಗೊತ್ತಾಗುತ್ತದೆ. ಒಡೆಯದ ಚಿಪ್ಪು ಉಳಿದಿದ್ದರೆ ಆ ನುಸಿಯ ಲೆಕ್ಕ ಪ್ಲೇಟಿಗೆ ಬಂದೇ ಇಲ್ಲ.

ಅರೆದ ದ್ರವವನ್ನು ಎರಡು ಪಾಲು ಮಾಡಿ ಒಂದನ್ನು ಹಾಗೇ ಪ್ಲೇಟ್ ಮಾಡಿದೆವು, ಇನ್ನೊಂದನ್ನು 80 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿ ಆಮೇಲೆ. ಈ ಬಿಸಿಗೆ ಬೆಳೆಯುತ್ತಿರುವ ಕೋಶಗಳು ಸಾಯುತ್ತವೆ, ಸ್ಪೋರ್ ಉಳಿಯುತ್ತದೆ. ಬಿಸಿ ಮಾಡಿದ್ದರಲ್ಲೂ ಮಾಡದ್ದರಲ್ಲೂ ಬ್ಯಾಸಿಲಸ್ ಸರಿಸುಮಾರು ಒಂದೇ ಸಂಖ್ಯೆಯಲ್ಲಿ ಬಂದರೆ ಅದು ನುಸಿಯೊಳಗೆ ಸ್ಪೋರ್ ಆಗಿ ಮಲಗಿತ್ತು, ಅಲ್ಲಿ ಬೆಳೆಯುತ್ತಿರಲಿಲ್ಲ ಅಂತ ತಿಳಿಯಬೇಕು. ನಮ್ಮ ಪ್ಲೇಟುಗಳಲ್ಲಿ ಆದದ್ದೂ ಅದೇ. ಬ್ಲೀಚ್ ಬಂದ ಮೇಲೆ ಬ್ಯಾಸಿಲಸ್ ತುಂಬಾ ಕಡಿಮೆಯಾಯಿತು, ಉಳಿದಿದ್ದು ಬಿಸಿಗೆ ಜಗ್ಗಲಿಲ್ಲ. ಮೊದಲ ಸುತ್ತಿನಲ್ಲಿ "ನುಸಿಯ ನಿವಾಸಿ" ಅನಿಸಿಕೊಂಡದ್ದು ಪೆಟ್ಟಿಗೆಯ ಧೂಳಿನ ಜೊತೆ ಬಂದ ಪ್ರಯಾಣಿಕ.

ಬ್ಯಾಸಿಲಸ್ ಜಾಗ ಬಿಟ್ಟುಕೊಟ್ಟ ಮೇಲೆ ಅದರಡಿ ಮುಚ್ಚಿಹೋಗಿದ್ದವು ಕಾಣಿಸಿಕೊಂಡವು. ಈ ಸಲ ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾವೂ ಹೆಚ್ಚಿತ್ತು: ಟಿಎಸ್‌ಎ, ಮ್ಯಾಕಾಂಕಿ, ಶೇಕಡ 5 ಇಂಗಾಲದ ಡೈಆಕ್ಸೈಡಿನಲ್ಲಿ ಬ್ಲಡ್ ಅಗರ್, ಆಮ್ಲಜನಕ ತೆಗೆದ ಜಾರಿನಲ್ಲಿ ಫ್ರಕ್ಟೋಸ್ ಸೇರಿಸಿದ ಎಂಆರ್‌ಎಸ್. ಪ್ಲೇಟುಗಳನ್ನು ಒಂದು ವಾರ ಇಟ್ಟು ನೋಡಿದೆವು, ಯಾಕೆಂದರೆ ನಿಧಾನಕ್ಕೆ ಬರುವವು ಎರಡನೇ ದಿನ ಕಾಣುವುದೇ ಇಲ್ಲ. ದೊಡ್ಡ ನೊಣದಿಂದ ತೆಗೆದ ನುಸಿಗಳ ಪ್ಲೇಟಿನಲ್ಲಿ ಕಾಲೊನಿ ಜಾಸ್ತಿ, ಮರಿಕೋಶದ ನುಸಿಗಳಲ್ಲಿ ಕಡಿಮೆ.

ಇದರಲ್ಲಿ ಎರಡು ಥರದವು ಜಾಲಿಸಿದ ನೀರಿನಲ್ಲೂ ಹೊರಳಿಸಿದ ಪ್ಲೇಟಿನಲ್ಲೂ ಖಾಲಿ ಟ್ಯೂಬಿನಲ್ಲೂ ಇಲ್ಲದೆ, ಅರೆದ ದ್ರವದಲ್ಲಿ ಮಾತ್ರ ಬಂದವು. ಒಂದು ಸಣ್ಣ, ಮಂಕು ಬಿಳಿ ಕಾಲೊನಿ. ಗ್ರಾಂ ಪಾಸಿಟಿವ್ ಗುಂಡು, ಜೋಡಿ ಜೋಡಿಯಾಗಿ, ಕ್ಯಾಟಲೇಸ್ ಕಿಣ್ವ ಇಲ್ಲ, ಬೈಲ್ ಎಸ್ಕ್ಯುಲಿನ್ ಅಗರನ್ನು ಕಪ್ಪು ಮಾಡುತ್ತದೆ: ಎಂಟರೋಕಾಕಸ್ ಲಕ್ಷಣ. ಇನ್ನೊಂದು ನುಣುಪಾದ ಬಿಳಿ ಕಾಲೊನಿ, ಗ್ರಾಂ ನೆಗೆಟಿವ್ ಕಡ್ಡಿ, ಆಕ್ಸಿಡೇಸ್ ನೆಗೆಟಿವ್. ಇದು ಏನು ಅಂತ ಶುರುವಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಒಂದೇ ಕಾಲೊನಿಯಿಂದ ಗೀಚಿದ ಎರಡು ಪ್ಲೇಟುಗಳಲ್ಲಿ ಒಂದು 37 ಡಿಗ್ರಿಗೆ ಹೋಗಿತ್ತು, ಇನ್ನೊಂದು 28ಕ್ಕೆ. ಮೊದಲನೆಯದು ಬಿಳಿಯಾಗಿಯೇ ಇತ್ತು. ಎರಡನೆಯದರಲ್ಲಿ ಗೀಚಿದ ಗೆರೆಗಳ ಉದ್ದಕ್ಕೂ ಕುಂಕುಮ ಕೆಂಪು, ಒತ್ತಾಗಿರುವ ಕಡೆ ಗಾಢ, ಬಿಡಿ ಕಾಲೊನಿಗಳಲ್ಲಿ ನಡುವೆ ಮಾತ್ರ ಕೆಂಪು, ಅಂಚು ಇನ್ನೂ ಬಿಳಿ. ಸೆರಾಟಿಯಾ ಮಾರ್ಸೆಸೆನ್ಸ್‌ನ ಪ್ರೊಡಿಜಿಯೋಸಿನ್ ಬಣ್ಣ ತಣ್ಣಗಿನ ಕಡೆ ಹುಟ್ಟುತ್ತದೆ, 37 ಡಿಗ್ರಿಯಲ್ಲಿ ಹುಟ್ಟುವುದಿಲ್ಲ. ಮರಿಗಳಿರುವ ಜಾಗವನ್ನು ನೊಣಗಳು 35 ಡಿಗ್ರಿ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತವೆ ಅಂತ ಎಲ್ಲಾ ಪ್ಲೇಟನ್ನೂ ಆ ಬಿಸಿಯಲ್ಲೇ ಇಟ್ಟರೆ ಈ ಸುಳಿವು ತಪ್ಪಿಹೋಗಬಹುದು. ಹಾಗಂತ ಕೆಂಪು ಬರಲಿಲ್ಲ ಅಂದರೆ ಸೆರಾಟಿಯಾ ಅಲ್ಲ ಅನ್ನುವಂತಿಲ್ಲ, ಬಣ್ಣವೇ ಮಾಡದ ತಳಿಗಳು ಎಷ್ಟೋ ಇವೆ. ಅದಕ್ಕೆ ಡಿಎನ್‌ಏಸ್ ಮತ್ತು ಜೆಲಾಟಿನ್ ಪರೀಕ್ಷೆ ಮಾಡಿದ್ದಾಯಿತು. ಎರಡೂ ಪಾಸಿಟಿವ್, ಸೆರಾಟಿಯಾದಲ್ಲಿ ಇರುವ ಹಾಗೆಯೇ.

ಎಂಆರ್‌ಎಸ್ ಮೇಲೆ ಬಂದ ಚುಕ್ಕಿ ಕಾಲೊನಿಗಳು ಅಪಿಲ್ಯಾಕ್ಟೋಬ್ಯಾಸಿಲಸ್ ಕುಂಕೀ. ಫ್ರಕ್ಟೋಸ್ ಇಷ್ಟಪಡುವ ಬ್ಯಾಕ್ಟೀರಿಯಾ, ನೊಣದ ಸ್ವಾಬಿನಲ್ಲೂ ಧಾರಾಳವಾಗಿತ್ತು. ಹೊರಳಿಸಿದ ಪ್ಲೇಟಿನಲ್ಲೂ ಸ್ವಲ್ಪ ಇತ್ತು. ಪೆಟ್ಟಿಗೆಯದ್ದು ಅಂತ ಬದಿಗಿಟ್ಟೆವು.

ಗುರುತು ಖಚಿತ ಮಾಡಲು, ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನ್‌ನ ಸುಮಾರು 1500 ಅಕ್ಷರಗಳನ್ನು ಪಿಸಿಆರ್ ಮಾಡಿ (ನಕಲು ಹೆಚ್ಚಿಸಿ) ಸೀಕ್ವೆನ್ಸಿಂಗಿಗೆ ಕಳಿಸಿದ್ದು. ಎಂಟರೋಕಾಕಸ್ ಅಂತ ಕಳಿಸಿದ ಒಂದರಲ್ಲಿ ಗ್ರಾಫಿನ ಉದ್ದಕ್ಕೂ ಒಂದರ ಮೇಲೊಂದು ಎರಡೆರಡು ಶಿಖರ. ಅಂದರೆ ಕಲ್ಚರ್ ಶುದ್ಧ ಇಲ್ಲ, ಇಬ್ಬರು ಇದ್ದಾರೆ. ಮತ್ತೆ ಮತ್ತೆ ಗೀಚಿ ಬಿಡಿಸಿದ ಮೇಲೆ ಸರಿಹೋಯಿತು. ಉಳಿದ ಬ್ಯಾಸಿಲಸ್‌ಗಳಲ್ಲಿ ಒಂದು ಬ್ಯಾಸಿಲಸ್ ಸೀರಿಯಸ್ (cereus) ಗುಂಪಿಗೆ ಬಂತು, ಅಲ್ಲಿಗೆ 16ಎಸ್ ಕೈಚೆಲ್ಲುತ್ತದೆ. ಬ್ಯಾಸಿಲಸ್ ಸೀರಿಯಸ್, ತುರಿಂಜಿಯೆನ್ಸಿಸ್, ಆಂತ್ರಾಸಿಸ್ ಮೂರರ 16ಎಸ್ ಹೆಚ್ಚುಕಡಿಮೆ ಒಂದೇ. ತುರಿಂಜಿಯೆನ್ಸಿಸ್ ಆಗಿದ್ದರೆ ನುಸಿ ಕೊಲ್ಲಲು ಬಳಸಬಹುದು ಅನ್ನುವ ಆಸೆ ಈ ಹಂತದಲ್ಲಿ ಎಲ್ಲರಿಗೂ ಬರುತ್ತದೆ. ಸ್ಪೋರ್ ಆಗುವವರೆಗೆ ಬೆಳೆಸಿ ಫೇಸ್ ಕಾಂಟ್ರಾಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸ್ಪೋರಿನ ಪಕ್ಕದಲ್ಲಿ ಪ್ರೋಟೀನ್ ಹರಳು ಕಾಣಬೇಕು. ನಮ್ಮದರಲ್ಲಿ ಹರಳಿರಲಿಲ್ಲ. ಇಂಥ ತಳಿಗಳನ್ನೂ, ಸೆರಾಟಿಯಾ ಮತ್ತು ಎಂಟರೋಕಾಕಸ್‌ಗಳನ್ನೂ ಬಯೋಸೇಫ್ಟಿ ಲೆವೆಲ್ 2ರ ನಿಯಮದಲ್ಲೇ ಮುಟ್ಟಬೇಕು. ನುಸಿಯಿಂದ ಬಂದದ್ದು ಅಂತ ಸಲೀಸಾಗಿ ತಗೊಳ್ಳುವುದು ಬೇಡ, ಮನುಷ್ಯರಿಗೂ ಸೋಂಕು ತರಬಲ್ಲವು.

ಇಲ್ಲಿಗೂ ಒಂದು ಗೊಂದಲ ಉಳಿಯುತ್ತದೆ. ನುಸಿಯ ಹೊಟ್ಟೆಯಲ್ಲಿ ಇರುವುದು ನೊಣದ ಅಂಗಾಂಶ. ಹಾಗಾದರೆ ನಾವು ಪ್ಲೇಟ್ ಮಾಡಿದ್ದು ನುಸಿಯದ್ದೋ, ಅದು ತಿಂದ ನೊಣದ್ದೋ? ಸ್ವಾಬ್ ಮಾಡಿದ್ದು ಇದಕ್ಕೇ. ಪ್ಯೂಪಾ ಆಗುವಾಗ ಮರಿಹುಳ ತನ್ನ ಕರುಳಿನ ಒಳಪದರವನ್ನೇ ಕಳಚುತ್ತದೆ, ಹಾಗಾಗಿ ಕೋಶದಿಂದ ಆಗಷ್ಟೇ ಹೊರಬಂದ ನೊಣದ ಕರುಳಿನಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ. ಆಮೇಲಿನ ಕೆಲವು ದಿನಗಳಲ್ಲಿ ಜೊತೆಯ ನೊಣಗಳಿಂದ ಸ್ನಾಡ್‌ಗ್ರಾಸೆಲ್ಲಾ, ಗಿಲಿಯಾಮೆಲ್ಲಾ ಮುಂತಾದ ಕರುಳಿನ ಕಾಯಂ ಬ್ಯಾಕ್ಟೀರಿಯಾಗಳು ಬಂದು ಸೇರುತ್ತವೆ. ನುಸಿ ಕರುಳಿಗೆ ಬಾಯಿ ಹಾಕುವುದಿಲ್ಲ. ಆದ್ದರಿಂದ ಬ್ಲಡ್ ಅಗರ್ ಮೇಲೆ ಇವು ಕಂಡರೆ, ಹಿಡಿಯುವಾಗ ನೊಣ ಹಿಕ್ಕೆ ಹಾಕಿ ನುಸಿಗೆ ಮೆತ್ತಿದೆ ಅಂತ ಅನುಮಾನಿಸಬೇಕು. ನಮ್ಮ ಪ್ಲೇಟಿನಲ್ಲಿ ಅವು ಬರಲಿಲ್ಲ, ಅದು ಒಳ್ಳೆಯ ಸೂಚನೆ. ಸೆರಾಟಿಯಾ ಮಾತ್ರ ನುಸಿಯಲ್ಲೂ, ಅದೇ ಕೋಶದ ಕೆಲವು ಪ್ಯೂಪಾಗಳ ಸ್ವಾಬಿನಲ್ಲೂ ಇತ್ತು. ಯಾರಿಂದ ಯಾರಿಗೆ ಹೋಯಿತು ಅಂತ ಇದರಿಂದ ಹೇಳಲಾಗುವುದಿಲ್ಲ.

ಕಲ್ಚರ್‌ನಲ್ಲಿ ಬಾರದವುಗಳ ಲೆಕ್ಕವನ್ನೂ ಬಿಡುವಂತಿಲ್ಲ. ಆರ್ಸೆನೋಫೋನಸ್ ಥರದವು ಮಾಮೂಲಿ ಅಗರ್ ಮೇಲೆ ಸುಲಭಕ್ಕೆ ಬರುವುದಿಲ್ಲ. ಅದಕ್ಕೆ ಅರೆದ ಅದೇ ದ್ರವದ ಒಂದು ಪಾಲಿನಿಂದ ನೇರವಾಗಿ ಡಿಎನ್‌ಎ ತೆಗೆದಿಟ್ಟೆವು. ಇಲ್ಲೂ ಬ್ಲೀಚ್ ಉಪಕಾರಕ್ಕೆ ಬರುತ್ತದೆ, ಮೈಮೇಲಿನ ಹಳೆಯ ಡಿಎನ್‌ಎಯನ್ನು ಅದು ಹಾಳು ಮಾಡುತ್ತದೆ. ಎಥನಾಲ್‌ಗೆ ಆ ಗುಣವಿಲ್ಲ.

ವರದಿಯಲ್ಲಿ ಕೊನೆಗೆ ಬರೆದದ್ದು ಇಷ್ಟು: ಮೇಲ್ಮೈ ಶುದ್ಧಿಯಾದ ಜೀವಂತ ಹೆಣ್ಣು ವರೋವಾಗಳ ಒಳಗಿನಿಂದ ಸೆರಾಟಿಯಾ ಮಾರ್ಸೆಸೆನ್ಸ್ ಮತ್ತು ಒಂದು ಎಂಟರೋಕಾಕಸ್ ಸಿಕ್ಕಿವೆ, ಬ್ಯಾಸಿಲಸ್‌ಗಳು ಸ್ಪೋರ್ ರೂಪದಲ್ಲಿದ್ದವು, ಅವನ್ನು ನುಸಿಯ ಸಹವಾಸಿ ಎನ್ನಲು ಆಧಾರವಿಲ್ಲ. ರೋಗ ತರುತ್ತವೆ ಅಂತ ಒಂದು ಮಾತೂ ಬರೆದಿಲ್ಲ. ಅದಕ್ಕೆ ಪ್ಯೂಪಾಗಳಿಗೆ ಈ ಸೆರಾಟಿಯಾವನ್ನು ಚುಚ್ಚಿ ನೋಡಬೇಕು, ಜೊತೆಗೆ ಬರೀ ಸ್ಟೆರೈಲ್ ಪಿಬಿಎಸ್ ಚುಚ್ಚಿದ ಗುಂಪು, ಏನೂ ಚುಚ್ಚದ ಗುಂಪು ಎರಡೂ ಇರಬೇಕು, ಯಾಕೆಂದರೆ ಸೂಜಿಯ ಗಾಯಕ್ಕೇ ಪ್ಯೂಪಾ ಸಾಯುವುದುಂಟು. ಸತ್ತ ಪ್ಯೂಪಾದಿಂದ ಅದೇ ತಳಿಯನ್ನು ಮತ್ತೆ ಬೇರ್ಪಡಿಸಿ ತೋರಿಸಿದ ಮೇಲೆ ಮಾತ್ರ ಮುಂದಿನ ಮಾತು. ಸದ್ಯಕ್ಕೆ ಎರಡೂ ತಳಿಗಳು ಶೇಕಡ 25ರ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿವೆ. ಟ್ಯೂಬಿನ ಚೀಟಿಯಲ್ಲಿ ತಳಿಯ ಹೆಸರಿನ ಜೊತೆ ಮರಿಕೋಶದ ನುಸಿಯೋ ನೊಣದ ಮೇಲಿನ ನುಸಿಯೋ, ಜಾಲಿಸಿದ ನೀರಿನ ಪ್ಲೇಟ್ ಖಾಲಿ ಇತ್ತೋ ಇಲ್ಲವೋ, ಅದನ್ನೂ ಬರೆಸಿದ್ದೇವೆ.